ಪರ್ಮಾಕಲ್ಚರ್: ಗುಂಡಿ ತೆಗೆಯುವ ಮುಂಚೆ ನೀರಿನ ದಾರಿ ನೋಡಿ



ಪರ್ಮಾಕಲ್ಚರ್ ಅಂದರೆ ಏನು, ಮಂಡ್ಯದಂಥ ಕಬ್ಬು–ಭತ್ತದ ಸೀಮೆಗೆ ಅದು ಒಗ್ಗುತ್ತಾ ಅಂತ ಈಚೆಗೆ ಬಹಳ ಜನ ಕೇಳುತ್ತಿದ್ದಾರೆ. ಉತ್ತರ ಹೇಳುವ ಮುಂಚೆ ನಾನೇ ಮಾಡಿಕೊಂಡ ಎಡವಟ್ಟೊಂದನ್ನು ಹೇಳಿಬಿಡುತ್ತೇನೆ. ಅದನ್ನು ಕೇಳಿದರೆ ಅರ್ಧ ಪಾಠ ಮುಗಿದ ಹಾಗೆ.

ಮದ್ದೂರಿಗೆ ಹತ್ತಿರದ ಸೋಮನಹಳ್ಳಿಯಲ್ಲಿ ನಮ್ಮದು ಎರಡು ತುಂಡು ಜಮೀನು. ಒಂದು ಮೇಲಿನ ಹೊಲ. ಕೆಂಪು ಮಣ್ಣು, ಸ್ವಲ್ಪ ಇಳಿಜಾರು, ರಾಗಿ ಬೆಳೆಯುತ್ತಿದ್ದದ್ದು. ಇನ್ನೊಂದು ತಗ್ಗಿನ ಗದ್ದೆ. 2022ರ ಬೇಸಿಗೆಯಲ್ಲಿ ಮೊಬೈಲಿನಲ್ಲಿ ಪರ್ಮಾಕಲ್ಚರ್ ವಿಡಿಯೋಗಳನ್ನು ನೋಡಿ ನನಗೆ ಹುಚ್ಚು ಹತ್ತಿತು. ಎಲ್ಲರೂ ಇಳಿಜಾರಿಗೆ ಅಡ್ಡಲಾಗಿ ಉದ್ದುದ್ದ ಟ್ರೆಂಚ್ ತೆಗೆದು ನೀರು ಇಂಗಿಸುತ್ತಿದ್ದರು. ನಾನೂ ಜೆಸಿಬಿ ಕರೆಸಿ ಮೇಲಿನ ಹೊಲದಲ್ಲಿ ಎರಡು, ಕೆಳಗಿನ ಗದ್ದೆಯಲ್ಲಿ ಒಂದು ಟ್ರೆಂಚ್ ತೆಗೆಸಿದೆ. ಗದ್ದೆ ಟ್ರೆಂಚಿನ ಪಕ್ಕ ತೆಂಗಿನ ಸಸಿ ಇಟ್ಟೆ.

ಆ ವರ್ಷ ನಮ್ಮ ಕಡೆ ಸುರಿದ ಮಳೆಯನ್ನು ಯಾರೂ ಮರೆತಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ ಮೇಲೇ ನೀರು ನಿಂತಿತ್ತು. ಒಂದೇ ರಾತ್ರಿಯಲ್ಲಿ ಮೇಲಿನ ಟ್ರೆಂಚ್ ತುಂಬಿ, ಬದು ಕಿತ್ತುಕೊಂಡು, ಎರಡನೇದನ್ನೂ ಒಡೆದು, ಹೊಲದ ಒಳ್ಳೇ ಮಣ್ಣನ್ನೆಲ್ಲ ಪಕ್ಕದವರ ಗದ್ದೆಗೆ ಹೊತ್ತು ಹಾಕಿತು. ಬೆಳಗ್ಗೆ ಅಪ್ಪ ಬಂದು ನೋಡಿ ಒಂದೇ ಮಾತು ಕೇಳಿದರು: "ಲೋ, ನೀರ್ ತುಂಬುದ್ರೆ ಎತ್ಲಾಗ್ ಹೋಗ್ಬೇಕು ಅಂತ ಒಂದ್ ದಾರಿ ಮಡಗಿದ್ಯೇನ್ಲಾ?"

ಮಡಗಿರಲಿಲ್ಲ. ಕೆಳಗಿನ ಗದ್ದೆಯ ಕಥೆ ಬೇರೆ. ಅಲ್ಲಿ ಟ್ರೆಂಚ್ ಒಡೆಯಲಿಲ್ಲ, ಆದರೆ ನೀರು ಹೋಗಲೂ ಇಲ್ಲ. ತಿಂಗಳುಗಟ್ಟಲೆ ನಿಂತು, ತೆಂಗಿನ ಸಸಿಗಳು ಹಳದಿ ತಿರುಗಿ, ಅರ್ಧಕ್ಕರ್ಧ ಬುಡ ಕೊಳೆತು ಹೋದವು.

ಮೇಲೆ ಬೇಕಾದ ಕೆಲಸ ಬೇರೆ, ಕೆಳಗೆ ಬೇಕಾದ ಕೆಲಸ ಬೇರೆ. ನಾನು ಎರಡಕ್ಕೂ ಒಂದೇ ಔಷಧ ಕೊಟ್ಟಿದ್ದೆ. ಪರ್ಮಾಕಲ್ಚರ್ ಅನ್ನೋದು ಟ್ರೆಂಚ್ ಅಲ್ಲ, ನಿಮ್ಮ ಜಮೀನನ್ನು ಓದಿ, ಯಾವುದು ಎಲ್ಲಿರಬೇಕು ಅಂತ ತೀರ್ಮಾನಿಸೋದು ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಹಾಗಾದರೆ ಪರ್ಮಾಕಲ್ಚರ್ ಅಂದರೇನು?

ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಬಿಲ್ ಮಾಲಿಸನ್ ಮತ್ತು ಅವರಿಗಿಂತ ಬಹಳ ಕಿರಿಯರಾದ ಡೇವಿಡ್ ಹೋಮ್‌ಗ್ರೆನ್ 1970ರ ದಶಕದಲ್ಲಿ ಈ ಪದ ಹುಟ್ಟಿಸಿದರು. ಇಬ್ಬರೂ ಸೇರಿ ಬರೆದ ಮೊದಲ ಪುಸ್ತಕ 1978ರಲ್ಲಿ ಬಂತು. 'ಪರ್ಮನೆಂಟ್' ಮತ್ತು 'ಅಗ್ರಿಕಲ್ಚರ್' ಎರಡನ್ನೂ ಸೇರಿಸಿದ ಪದ ಅದು. ಕನ್ನಡದಲ್ಲಿ ಶಾಶ್ವತ ಕೃಷಿ ಅನ್ನುತ್ತಾರೆ. ಕಾಡಿಗೆ ಯಾರೂ ಗೊಬ್ಬರ ಹಾಕಲ್ಲ, ನೀರು ಹಾಯಿಸಲ್ಲ, ಆದರೂ ಅದು ನೂರಾರು ವರ್ಷ ಹಸಿರಾಗಿರುತ್ತೆ. ಆ ಕಾಡಿನ ವ್ಯವಸ್ಥೆಯನ್ನು ನಮ್ಮ ಊಟ, ಮೇವು, ಸೌದೆ, ಆದಾಯ ಕೊಡುವ ತೋಟದಲ್ಲಿ ತರೋದು ಹೇಗೆ ಅನ್ನೋದೇ ಅವರ ಪ್ರಶ್ನೆ.

ಇದಕ್ಕೆ ಮೂರು ನೀತಿಗಳನ್ನು ಇಟ್ಟುಕೊಂಡರು: ಭೂಮಿಯನ್ನು ಕಾಪಾಡು, ಜನರನ್ನು ಕಾಪಾಡು, ಹೆಚ್ಚಾದದ್ದನ್ನು ಹಂಚು. ಹಂಚೋದು ಅಂದರೆ ಪಕ್ಕದವರಿಗೆ ಮಾತ್ರ ಅಲ್ಲ, ಬೆಳೆ ಕೊಟ್ಟ ಮಣ್ಣಿಗೂ ಒಂದು ಪಾಲು.

ಇನ್ನು ಯಾವುದು ಪರ್ಮಾಕಲ್ಚರ್ ಅಲ್ಲ ಅನ್ನೋದೂ ಗೊತ್ತಿರಬೇಕು. ರಾಸಾಯನಿಕ ಬಿಟ್ಟು ಜೀವಾಮೃತ ಹಾಕಿದ ತಕ್ಷಣ ಅದು ಪರ್ಮಾಕಲ್ಚರ್ ಆಗಲ್ಲ. ಅದು ಒಳಸುರಿ ಬದಲಾಯಿಸಿದ ಹಾಗೆ, ಅಷ್ಟೆ. ಸಿಕ್ಕಿದ ಗಿಡವನ್ನೆಲ್ಲ ಒತ್ತೊತ್ತಾಗಿ ನೆಟ್ಟರೂ ಆಗಲ್ಲ. ಜಪಾನಿನ ಮಸನೊಬು ಫುಕುವೊಕಾ ಹೇಳಿದ ಸಹಜ ಕೃಷಿಯೂ ಇದಕ್ಕೆ ಹತ್ತಿರದ ನೆಂಟ, ಆದರೆ ಇದೇ ಅಲ್ಲ. 'ಯಾವ ಕೆಲಸವನ್ನು ಬಿಡಬಹುದು' ಅನ್ನೋದು ಫುಕುವೊಕಾ ಅವರ ಪ್ರಶ್ನೆ. 'ಯಾವುದನ್ನು ಯಾವುದರ ಪಕ್ಕ ಇಡಬೇಕು' ಅನ್ನೋದು ಪರ್ಮಾಕಲ್ಚರಿನ ಪ್ರಶ್ನೆ.

ಕೊಟ್ಟಿಗೆಯ ಉದಾಹರಣೆ ತಗೊಳ್ಳಿ. ಅದು ತೋಟಕ್ಕಿಂತ ಮೇಲ್ಮಟ್ಟದಲ್ಲಿದ್ದರೆ ಗಂಜಲ, ತೊಳೆದ ನೀರು ತಾನಾಗಿ ಹರಿದು ಗಿಡಕ್ಕೆ ಹೋಗುತ್ತೆ. ತಗ್ಗಿನಲ್ಲಿದ್ದರೆ ದಿನಾ ಬಕೆಟ್ಟಿನಲ್ಲಿ ಹೊರಬೇಕು. ಹಸು ಅದೇ, ಸಗಣಿ ಅದೇ. ಇಟ್ಟ ಜಾಗ ಮಾತ್ರ ಬೇರೆ.

ನಮಗೆ ಇದು ಹೊಸದೇ?

ಪದ ಹೊಸದು, ಸಂಗತಿ ಹಳೇದು. ನಮ್ಮ ಅಜ್ಜಂದಿರ ಅಕ್ಕಡಿ ಸಾಲು ನೆನಪು ಮಾಡಿಕೊಳ್ಳಿ. ರಾಗಿ ಹೊಲದ ನಡುನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಅಂಚಿಗೆ ಹರಳು. ಒಂದು ಮಳೆ ಕೈಕೊಟ್ಟು ರಾಗಿ ಬಡವಾದರೂ ಆಳಕ್ಕೆ ಬೇರು ಬಿಡುವ ತೊಗರಿ ನಿಂತುಕೊಳ್ಳುತ್ತಿತ್ತು. ಅವರೆ–ತೊಗರಿ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೂ ಬಿಟ್ಟುಹೋಗುತ್ತಿದ್ದವು. ಹುಚ್ಚೆಳ್ಳು ಹೂವಿಗೆ ಜೇನು ಬರುತ್ತಿತ್ತು. ಗದ್ದೆಗೆ ಹೊಂಗೆ ಸೊಪ್ಪು ಹಾಕಿ ತುಳಿಸುತ್ತಿದ್ದರು, ಅದಕ್ಕೇ ಬದುವಿನ ಮೇಲೆ ಹೊಂಗೆ ಇರುತ್ತಿತ್ತು.

ಆಲೆಮನೆಯೂ ಹಾಗೇ. ಕಬ್ಬು ಅರೆದ ಮೇಲೆ ಉಳಿದ ಸಿಪ್ಪೆ ಒಣಗಿಸಿ ಅದೇ ಒಲೆಗೆ ಹಾಕುತ್ತಾರೆ, ಬೂದಿ ಹೊಲಕ್ಕೆ ಹೋಗುತ್ತೆ. ರೇಷ್ಮೆ ಸಾಕುವವರ ಮನೆಯಲ್ಲಿ ಸೊಪ್ಪು ಹುಳುವಿಗೆ, ಉಳಿದ ಎಳೇ ಕಡ್ಡಿ ದನಕ್ಕೆ, ಹಿಕ್ಕೆ ಕಾಂಪೋಸ್ಟ್ ಗುಂಡಿಗೆ. ಒಂದರ ಕಸ ಇನ್ನೊಂದರ ಆಹಾರ ಅಂತ ಪರ್ಮಾಕಲ್ಚರ್ ಹೇಳುವುದು ಇದನ್ನೇ.

ನಾವು ಇದನ್ನು ಮರೆತದ್ದು ಯಾವಾಗ? ಕನ್ನಂಬಾಡಿ ಕಟ್ಟೆ ಕಟ್ಟಿ ವಿಶ್ವೇಶ್ವರಯ್ಯ ನಾಲೆ ಹರಿದ ಮೇಲೆ ಮಂಡ್ಯ ಜಿಲ್ಲೆಯ ಹಣೆಬರಹವೇ ಬದಲಾಯಿತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಅದು ಕೊಟ್ಟ ಅನ್ನವನ್ನು ನಾನು ಹಳಿಯುವುದಿಲ್ಲ. ಆದರೆ ನೀರು ಬಂತಲ್ಲ ಅಂತ ಜಮೀನಿನ ತುಂಬ ಒಂದೇ ಬೆಳೆ ಹಾಕಿದೆವು, ಬದುವಿನ ಮರ ಕಡಿದೆವು. ನಾಲೆಯಲ್ಲಿ ನೀರು ಬಂದರೆ ಬದುಕು, ಇಲ್ಲದಿದ್ದರೆ ಇಲ್ಲ ಅನ್ನೋ ಹಂತಕ್ಕೆ ಬಂದೆವು. ನಾಲೆಯ ಕೊನೇ ಭಾಗದ ಮದ್ದೂರು, ಮಳವಳ್ಳಿ ಕಡೆಯವರಿಗೆ ಇದರ ಬಿಸಿ ಹೆಚ್ಚು ಗೊತ್ತು. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬದೇ ಹೋದಾಗ ಏನಾಯಿತು ಅಂತ ನಾನು ಹೇಳಬೇಕಿಲ್ಲ.

ಇದನ್ನು ಬೇರೆ ರೀತಿ ಮಾಡಿ ತೋರಿಸಿದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಮೇಲುಕೋಟೆಯ ಜನಪದ ಸೇವಾ ಟ್ರಸ್ಟ್ 1960ರಿಂದ ಕೆಲಸ ಮಾಡುತ್ತಿದೆ. ಸಹಜ ಕೃಷಿ, ಸರಳ ಬದುಕಿನ ಬಗ್ಗೆ ಅಲ್ಲಿ ನೋಡಿ ಕಲಿಯುವಂಥದ್ದು ಬಹಳ ಇದೆ. ಮಳವಳ್ಳಿ ತಾಲ್ಲೂಕು ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ದೇಸಿ ಭತ್ತದ ತಳಿಗಳನ್ನು ಉಳಿಸಿದ್ದಾರೆ. ಅವರ 'ಬಡಾ ಬಾಗ್' ಮಾವಿನ ತೋಪಿನಲ್ಲಿ ಹಳೇ ಕಾಲದ ನೂರಕ್ಕೂ ಹೆಚ್ಚು ಬಗೆಯ ಮಾವು ಇದೆ. ಪರ್ಮಾಕಲ್ಚರ್ ಅನ್ನೋ ಹೆಸರು ಹಾಕಿಕೊಳ್ಳದಿದ್ದರೂ, ಹತ್ತಾರು ತಳಿ ಜೊತೆಗಿದ್ದರೆ ಒಂದು ಸೋತರೂ ಇನ್ನೊಂದು ಕೈಹಿಡಿಯುತ್ತೆ ಅನ್ನೋ ಪಾಠ ಅಲ್ಲಿದೆ.

ಮೊದಲ ಕೆಲಸ: ಒಂದು ವರ್ಷ ನೋಡಿ

ಈಗ ವಿಧಾನಕ್ಕೆ ಬರೋಣ. ಜಮೀನಿನ ಒಂದು ನಕ್ಷೆ ಬರೆಯಿರಿ. ಚೆಂದ ಇರಬೇಕಿಲ್ಲ, ಮಕ್ಕಳ ನೋಟ್‌ಬುಕ್ಕಿನ ಹಾಳೆ ಸಾಕು. ಅದರಲ್ಲಿ ಇವನ್ನು ಗುರುತು ಮಾಡಿ:

1. ಜೋರು ಮಳೆ ಬಂದಾಗ ನೀರು ಎಲ್ಲಿಂದ ಒಳಗೆ ಬರುತ್ತೆ, ಎಲ್ಲಿ ನಿಲ್ಲುತ್ತೆ, ಎಲ್ಲಿಂದ ಹೊರಗೆ ಹೋಗುತ್ತೆ. ಕೊಡೆ ಹಿಡಿದು ಹೋಗಿ ನೋಡಿದರೇ ಗೊತ್ತಾಗೋದು.
2. ಆಷಾಢದ ಗಾಳಿ ಯಾವ ಕಡೆಯಿಂದ ಬೀಸುತ್ತೆ. ಬಾಳೆ ಎಲ್ಲಿ ಮುರಿಯುತ್ತೆ.
3. ಬೇಸಿಗೆಯಲ್ಲಿ ಯಾವ ಜಾಗ ಮೊದಲು ಒಣಗುತ್ತೆ, ಯಾವ ಜಾಗದಲ್ಲಿ ಕೊನೇವರೆಗೂ ಹುಲ್ಲು ಹಸಿರಿರುತ್ತೆ.
4. ಎಲ್ಲಿ ಮಣ್ಣಿನ ಮೇಲೆ ಬಿಳೀ ಪುಡಿ ಕಾಣುತ್ತೆ. ಅದು ಚೌಳಿನ ಗುರುತು.
5. ದಿನಾ ನೀವು ಓಡಾಡುವ ದಾರಿ ಯಾವುದು.

ಮನೆಯ ಹಿರಿಯರನ್ನು ಕೇಳಿ. ನಮ್ಮ ಅಪ್ಪನಿಗೆ ಮೂವತ್ತು ವರ್ಷದ ಹಿಂದೆ ನೀರು ಯಾವ ಮೂಲೆ ಒಡೆದಿತ್ತು ಅಂತ ಗೊತ್ತಿತ್ತು. ನಾನು ಕೇಳಿರಲಿಲ್ಲ. ನನ್ನ ಟ್ರೆಂಚ್ ಕಿತ್ತುಹೋದದ್ದೂ ಅದೇ ಮೂಲೆಯಲ್ಲಿ.

ಎರಡನೇ ಕೆಲಸ: ವಲಯ ಮಾಡಿ

ದಿನಾ ಕೈ ತಾಗಬೇಕಾದದ್ದು ಮನೆ ಹತ್ತಿರ, ಅಪರೂಪಕ್ಕೆ ಹೋಗುವಂಥದ್ದು ದೂರ. ವಲಯ ಅಂದರೆ ಇಷ್ಟೇ.

- ಮನೆ: ಇದು ಸೊನ್ನೆ ವಲಯ. ಚಾವಣಿ ನೀರು, ಬಚ್ಚಲು ನೀರು, ಅಡುಗೆಮನೆ ಕಸ ಎಲ್ಲ ಇಲ್ಲಿಂದಲೇ ಶುರು.
- ಹಿತ್ತಲು: ಒಂದನೇ ವಲಯ. ಸೊಪ್ಪು, ಮೆಣಸಿನಕಾಯಿ, ಕರಿಬೇವು, ನುಗ್ಗೆ. ಬಚ್ಚಲು ನೀರಿಗೆ ಬಾಳೆ, ಕೆಸು.
- ಕೊಟ್ಟಿಗೆ ಸುತ್ತ: ಎರಡನೇ ವಲಯ. ಹಸು, ಕೋಳಿ, ತಿಪ್ಪೆ, ಪಪ್ಪಾಯ, ನಿಂಬೆ, ಸೀಬೆ.
- ಗದ್ದೆ, ಹೊಲ, ತೋಟ: ಮೂರನೇ ವಲಯ. ಭತ್ತ, ಕಬ್ಬು, ರಾಗಿ, ಹಿಪ್ಪುನೇರಳೆ, ತೆಂಗು. ಕಾಸು ಬರೋದು ಇಲ್ಲಿಂದ.
- ಬದು, ಬೇಲಿ: ನಾಲ್ಕನೇ ವಲಯ. ಹೊಂಗೆ, ಬೇವು, ಗ್ಲಿರಿಸಿಡಿಯಾ. ಸೊಪ್ಪು, ಸೌದೆ, ಗಾಳಿ ತಡೆ.
- ಮುಟ್ಟದೆ ಬಿಡುವ ಮೂಲೆ: ಐದನೇ ವಲಯ. ಊರ ಗುಂಡುತೋಪು, ದೇವರ ಕಾಡು ಇದ್ದ ಹಾಗೆ. ಹಕ್ಕಿ, ಜೇನು, ಓತಿಕ್ಯಾತ ಇರಲಿ. ನಿಮ್ಮ ಬೆಳೆಯ ಹುಳು ತಿನ್ನುವವರು ಅಲ್ಲಿಂದಲೇ ಬರೋದು.

ಎಲ್ಲರ ಜಮೀನೂ ಮನೆ ಸುತ್ತ ಇರಲ್ಲ. ಊರಿನಲ್ಲಿ ಮನೆ, ಒಂದು ಮೈಲಿ ಆಚೆ ಗದ್ದೆ ಇರುವವರು ಪಂಪ್‌ಸೆಟ್ ಮನೆಯನ್ನೇ ಸೊನ್ನೆ ಅಂದುಕೊಂಡು ಎಣಿಸಿ. ದಿನಾ ಹೋಗಿ ನಿಲ್ಲುವ ಜಾಗ ಅದೇ ತಾನೇ?

ಮೂರನೇ ಕೆಲಸ: ನೀರು. ಮೇಲೆ ನಿಲ್ಲಿಸಿ, ಕೆಳಗೆ ಬಿಡಿ

ಮಂಡ್ಯ ಸೀಮೆಗೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಒಂದು ಎಕರೆ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40 ಸಾವಿರ ಲೀಟರ್ ನೀರು. ವರ್ಷಕ್ಕೆ ಲೆಕ್ಕ ಹಾಕಿದರೆ 28 ಲಕ್ಷ ಲೀಟರ್. ಇದು ಯಾವ ನಾಲೆಯದ್ದೂ ಅಲ್ಲ, ನಿಮ್ಮ ಪಾಲಿನದ್ದು. ಆದರೆ ಅದರಲ್ಲಿ ಬಹಳಷ್ಟು ಜೋರು ಮಳೆಯಲ್ಲಿ ಬಂದು ಹರಿದುಹೋಗುತ್ತೆ.

*ಇಳಿಜಾರಿನ ಒಣ ಹೊಲದಲ್ಲಿ* ಸಮಪಾತಳಿ ಹಿಡಿದು ಟ್ರೆಂಚ್ ಮತ್ತು ಬದು ಮಾಡಿ. ಮಟ್ಟ ನೋಡೋಕೆ ದುಬಾರಿ ಯಂತ್ರ ಬೇಡ. ಏಳು ಅಡಿಯ ಎರಡು ಬಿದಿರು ಗಳುಗಳನ್ನು ತುದಿ ಸೇರಿಸಿ ಕಟ್ಟಿ ಕಾಲು ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿ ಕಟ್ಟಿ. ಮೇಲಿನ ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಎರಡು ಗೂಟ ನೆಟ್ಟು ಅದರ ಮೇಲೆ ನಿಲ್ಲಿಸಿ ದಾರ ಅಡ್ಡಪಟ್ಟಿಗೆ ತಾಗುವ ಕಡೆ ಗುರುತು ಹಾಕಿ. ಕಾಲು ಅದಲುಬದಲು ಮಾಡಿ ಅದೇ ಗೂಟಗಳ ಮೇಲೆ ಇಟ್ಟು ಇನ್ನೊಂದು ಗುರುತು ಹಾಕಿ. ಎರಡರ ನಟ್ಟನಡುವೆ ದಾರ ಬಂದರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಅಂತ ಅರ್ಥ. ಹೀಗೆ ಹೆಜ್ಜೆ ಹಾಕುತ್ತಾ ಗೂಟ ಹೊಡೆಯುತ್ತಾ ಹೋಗಿ.

ಎರಡಡಿ ಅಗಲ, ಒಂದೂವರೆ ಅಡಿ ಆಳ ಸಾಕು. ತೆಗೆದ ಮಣ್ಣನ್ನು ಕೆಳಬದಿಗೆ ಬದುವಾಗಿ ಹಾಕಿ. ಆಮೇಲೆ ನಾನು ಬಿಟ್ಟ ಕೆಲಸವನ್ನು ನೀವು ಬಿಡಬೇಡಿ: ಒಂದು ಕಡೆ, ಗಟ್ಟಿ ನೆಲ ಇರುವಲ್ಲಿ, ಮೂರಡಿ ಅಗಲಕ್ಕೆ ಬದುವನ್ನು ಅರ್ಧ ಅಡಿ ತಗ್ಗಿಸಿ ಕೋಡಿ ಮಾಡಿ. ಕಲ್ಲು ಹಾಸಿ, ಅಂಚಿಗೆ ಲಾವಂಚ ಅಥವಾ ಹುಲ್ಲು ನೆಡಿ. ಕೋಡಿ ನೀರು ಕೆಳಗಿನ ಟ್ರೆಂಚಿಗೆ, ಅಲ್ಲಿಂದ ಹಳ್ಳಕ್ಕೆ ಹೋಗಬೇಕು, ಪಕ್ಕದವರ ಹೊಲಕ್ಕಲ್ಲ. ಕೋಡಿ ಇಲ್ಲದ ಕೆರೆ ಉಂಟೇ? ಟ್ರೆಂಚೂ ಒಂದು ಸಣ್ಣ ಕೆರೆಯೇ. ಇಳಿಜಾರು ಬಹಳ ಕಡಿದಾಗಿದ್ದರೆ ಟ್ರೆಂಚ್ ಬೇಡ, ಕಲ್ಲಿನ ಸಾಲು ಮತ್ತು ಹುಲ್ಲಿನ ಪಟ್ಟಿಯೇ ಕ್ಷೇಮ.

ಬದು ಬೆತ್ತಲೆ ಬಿಡಬೇಡಿ. ಮೊದಲ ಮಳೆಗೇ ತೊಗರಿ, ಗ್ಲಿರಿಸಿಡಿಯಾ ಹಾಕಿ, ಬೇರು ಮಣ್ಣು ಹಿಡಿಯಲಿ.

*ತಗ್ಗಿನ ಗದ್ದೆಯಲ್ಲಿ* ಇದರ ಉಲ್ಟಾ. ಅಲ್ಲಿ ಮೊದಲೇ ತೇವ ಹೆಚ್ಚು. ಮತ್ತೆ ನೀರು ನಿಲ್ಲಿಸಿದರೆ ಒಳಗಿನ ಉಪ್ಪು ಮೇಲೆ ಬಂದು ಚೌಳಾಗುತ್ತೆ. ಬಸಿಗಾಲುವೆ ತೆಗೆದು ನೀರು ಹೊರಗೆ ಹೋಗಲು ದಾರಿ ಮಾಡಿ. ತೆಂಗು, ಬಾಳೆ ಇಡುವುದಿದ್ದರೆ ಎತ್ತರದ ಏರಿ ಮಾಡಿ ಅದರ ಮೇಲೆ ಇಡಿ. ಚೌಳು ತಡೆಯುವ ಡಯಾಂಚ ಬಿತ್ತಿ, ಹೂ ಬರುವ ಹೊತ್ತಿಗೆ, ಅಂದರೆ ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿ. ನನ್ನ ಗದ್ದೆಯ ಆ ಟ್ರೆಂಚನ್ನು ಈಗ ತುದಿ ಒಡೆದು ಬಸಿಗಾಲುವೆ ಮಾಡಿದ್ದೇನೆ. ಏರಿ ಮೇಲೆ ಇಟ್ಟ ಎರಡನೇ ಸಲದ ತೆಂಗು ಚೆನ್ನಾಗಿದೆ.

ನಾಲ್ಕನೇ ಕೆಲಸ: ಮಣ್ಣು ಮುಚ್ಚಿ, ಅಂತಸ್ತು ಕಟ್ಟಿ

ಕಬ್ಬು ಕಡಿದ ಮೇಲೆ ಎಕರೆಗೆ ಮೂರ್ನಾಲ್ಕು ಟನ್ ತರಗು ಉಳಿಯುತ್ತೆ. ನಾವು ಬೆಂಕಿ ಹಾಕುತ್ತೇವೆ. ಸಾರಜನಕ ಹೊಗೆಯಾಗಿ ಹೋಗುತ್ತೆ, ಮೇಲ್ಮಣ್ಣಿನ ಜೀವ ಸುಡುತ್ತೆ, ಆಮೇಲೆ ಯೂರಿಯಾ ಮೂಟೆಗೆ ಸಾಲಲ್ಲಿ ನಿಲ್ಲುತ್ತೇವೆ. ಅದರ ಬದಲು ಒಂದು ಸಾಲು ಬಿಟ್ಟು ಒಂದು ಸಾಲಿಗೆ ತರಗು ಹಾಸಿ, ಸಗಣಿ ಬಗ್ಗಡ ಚಿಮುಕಿಸಿ. ಖಾಲಿ ಸಾಲಿನಲ್ಲಿ ನೀರು ಹಾಯಿಸಿ. ಕೂಳೆ ಬೆಳೆಗೆ ಕಳೆ ಕಮ್ಮಿ, ನೀರೂ ಕಮ್ಮಿ. ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ಜಮೀನಿನ ಸುತ್ತ ಆರಡಿ ಜಾಗ ಚೊಕ್ಕಟವಾಗಿ ಬಿಡಿ. ಹೊಸ ನಾಟಿಯಾದರೆ ಸಾಲಿನ ಅಂತರ ಐದಡಿಗೆ ಹೆಚ್ಚಿಸಿ, ಮೊದಲ ಎರಡು ಮೂರು ತಿಂಗಳು ನಡುವೆ ಅಲಸಂದೆ ಅಥವಾ ಉದ್ದು ಬೆಳೆದುಕೊಳ್ಳಿ.

ತೆಂಗಿನ ತೋಟ ಇರುವವರಿಗೆ ಇನ್ನೂ ಸುಲಭ. 30 ಅಡಿ ಅಂತರದಲ್ಲಿ ಎಕರೆಗೆ 48 ಮರ. ನಡುವಿನ ಜಾಗ ವರ್ಷವಿಡೀ ಖಾಲಿ. ಮೇಲೆ ತೆಂಗು, ಅದರ ಕೆಳಗೆ ಬಾಳೆ, ನುಗ್ಗೆ, ಇನ್ನೂ ಕೆಳಗೆ ಕರಿಬೇವು, ನಿಂಬೆ, ನೆರಳಿಗೆ ಅರಿಶಿನ, ಮಣ್ಣಿಗೆ ಹೊದಿಕೆಯಾಗಿ ಅಲಸಂದೆ, ಮರಕ್ಕೆ ಹಬ್ಬುವ ಬಳ್ಳಿ. ಬೇಸಿಗೆಯಲ್ಲಿ ನೀರು ಕೊಡುವಷ್ಟಕ್ಕೇ ಗಿಡ ಇರಲಿ. ಮಡಲು, ಸಿಪ್ಪೆ ಹೊರಗೆ ಹಾಕಬೇಡಿ, ಬುಡದ ಸುತ್ತ ಹಾಸಿ.

ರೇಷ್ಮೆ ಇರುವವರು ಎರಡು ಎಚ್ಚರ ವಹಿಸಿ. ರೋಗ ಬಂದ ಹುಳುಮನೆಯ ಕಸವನ್ನು ನೇರವಾಗಿ ಸೊಪ್ಪಿನ ತೋಟಕ್ಕೆ ಹಾಕಬೇಡಿ. ಪಕ್ಕದ ಹೊಲದ ಔಷಧಿ ಸಿಂಪಡಣೆ ಸೊಪ್ಪಿನ ಮೇಲೆ ಬರದಂತೆ ಗಾಳಿ ಬೀಸುವ ಕಡೆ ಎತ್ತರದ ಜೀವಂತ ಬೇಲಿ ಕಟ್ಟಿ.

ದುಡ್ಡಿನ ಮಾತು

ಮೊದಲ ಎರಡು ಮೂರು ವರ್ಷ ಇದರಿಂದ ದೊಡ್ಡ ಆದಾಯ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮರ ಬೆಳೆಯೋಕೆ ಕಾಲ ಬೇಕು. ಕೈಕೆಲಸ ಮೊದಲು ಹೆಚ್ಚಾಗಿ ಆಮೇಲೆ ಕಮ್ಮಿಯಾಗುತ್ತೆ. ಐದಾರು ಬಗೆಯ ಸಣ್ಣ ಸಣ್ಣ ಫಸಲನ್ನು ಮಾರೋದೂ ಒಂದು ತಲೆನೋವು. ಕಬ್ಬಾದರೆ ಕಾರ್ಖಾನೆ, ಎಳನೀರಾದರೆ ಮದ್ದೂರು ಮಾರುಕಟ್ಟೆ ಇದೆ. ಹತ್ತು ಕೆ.ಜಿ. ಅರಿಶಿನಕ್ಕೆ ನೀವೇ ಗಿರಾಕಿ ಹುಡುಕಬೇಕು.

ಅದಕ್ಕೇ ನನ್ನ ಸಲಹೆ, ಇರುವ ಕಬ್ಬನ್ನೆಲ್ಲ ಕಿತ್ತು ಹಾಕಬೇಡಿ. ಹತ್ತು ಗುಂಟೆಯಿಂದ ಶುರು ಮಾಡಿ. ಮೊದಲು ಉಳಿತಾಯ ನೋಡಿ: ಮನೆಗೆ ತರಕಾರಿ ಕೊಳ್ಳೋದು ನಿಂತಿತೇ, ಗೊಬ್ಬರದ ಮೂಟೆ ಕಮ್ಮಿಯಾಯಿತೇ, ದನದ ಮೇವು ಬದುವಿನಲ್ಲೇ ಸಿಕ್ಕಿತೇ? ಒಂದು ಪುಸ್ತಕದಲ್ಲಿ ಬರೆದಿಡಿ. ಲೆಕ್ಕ ಕೈಹಿಡಿದರೆ ಮುಂದಿನ ಹತ್ತು ಗುಂಟೆ. ಬದು, ಕೃಷಿ ಹೊಂಡಕ್ಕೆ ಸದ್ಯ ಯಾವ ಸಹಾಯಧನ ಇದೆ ಅಂತ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಮಣ್ಣು ಪರೀಕ್ಷೆಯನ್ನೂ ಮಾಡಿಸಿ.

ನನ್ನ ಮೇಲಿನ ಹೊಲದ ಟ್ರೆಂಚುಗಳನ್ನು 2023ರ ಬೇಸಿಗೆಯಲ್ಲಿ ಅಪ್ಪನೇ ಮುಂದೆ ನಿಂತು ಮಟ್ಟ ನೋಡಿ ಸರಿಮಾಡಿಸಿದರು, ಕೋಡಿ ಇಡಿಸಿದರು. ಆ ವರ್ಷವೇ ಬರ. ಟ್ರೆಂಚ್ ತುಂಬಿದ್ದು ಎರಡೇ ಸಲ. ರಾಗಿ ಅರ್ಧವೂ ಆಗಲಿಲ್ಲ, ಅದನ್ನು ಮುಚ್ಚಿಡಲ್ಲ. ಆದರೆ ಬದುವಿನ ತೊಗರಿ ಕಾಯಿ ಕಟ್ಟಿತು. ನುಗ್ಗೆ, ಗ್ಲಿರಿಸಿಡಿಯಾ ಹಸಿರಾಗಿದ್ದವು, ಊರೆಲ್ಲ ಮೇವಿಗೆ ಪರದಾಡುವಾಗ ನಮ್ಮ ಎರಡು ಹಸುವನ್ನು ಮಾರಬೇಕಾಗಲಿಲ್ಲ. ಅಪ್ಪ ಒಂದು ದಿನ ಬದುವಿನ ಮೇಲೆ ಕೂತು ಹೇಳಿದರು: "ನಿನ್ ಇಂಗ್ಲೀಸ್ ಹೆಸ್ರು ನಂಗ್ ಬಾಯ್ಗ್ ಬರಾಕಿಲ್ಲ ಕಲಾ. ಆದ್ರೆ ಈಗ ನೀರ್ಗೆ ದಾರಿ ಅದೆ."

ಈ ವಾರ ನೀವು ಮಾಡಬೇಕಾದದ್ದು ಒಂದೇ. ಜೆಸಿಬಿಗೆ ಫೋನ್ ಮಾಡಬೇಡಿ. ಮುಂದಿನ ಜೋರು ಮಳೆಗೆ ಕೊಡೆ ಹಿಡಿದು ಜಮೀನಿಗೆ ಹೋಗಿ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ನೋಡಿ ಹಾಳೆ ಮೇಲೆ ಗೆರೆ ಹಾಕಿ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ.